ಬಲಗಾಲಿನ ತಕರಾರು

ಒಂದು ಬ್ಯಾಂಡಿನಲ್ಲಿ ಗಿಟಾರಿನವರು ಇಬ್ಬರಿರಬಹುದು, ಹಾಡುವವರು ಮೂವರಿರಬಹುದು, ಟ್ರಂಪೆಟ್ಟಿನವರು ಸಾಲಾಗಿ ನಿಲ್ಲಬಹುದು. ಡ್ರಮ್ಸ್ ಬಾರಿಸುವವನು ಮಾತ್ರ ಒಬ್ಬನೇ, ಅವನಿಗಿರುವ ಸ್ಟೂಲೂ ಒಂದೇ. ಹಾಗಾಗಿ ಇಬ್ಬರು ಡ್ರಮ್ಮರುಗಳು ಸ್ನೇಹಿತರಾದರೆ, ಒಬ್ಬ ಬಾರಿಸುವಾಗ ಇನ್ನೊಬ್ಬ ಕೆಳಗೆ ಕೂತು ಐಸ್‌ಕ್ರೀಮ್ ತಿನ್ನಬೇಕು, ತಿನ್ನುತ್ತಾ ತಪ್ಪು ಹುಡುಕಬೇಕು. ನನ್ನ ಮತ್ತು ಅವನ ಸ್ನೇಹ ಶುರುವಾದದ್ದು ಹೀಗೆ ತಪ್ಪು ಹುಡುಕುವುದರಿಂದಲೇ.

ನಾನು ರಾಕ್ ಡ್ರಮ್ಮರ್. ಈ ಪ್ರಾಯದಲ್ಲಿ ಹಾಗೆ ಹೇಳಿಕೊಂಡರೆ ಜನ ನಗುತ್ತಾರೆ, ನಗಲಿ, ನನಗೇನು? ನಮ್ಮದು ಗದ್ದೆ ಹೋಗಿ ಹೋಟೆಲು ಬಂದ ತುಳುವರ ಕುಟುಂಬ. ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ. ನಾನು ಬೆಳಿಗ್ಗೆ ಕಂಕನಾಡಿ ಮಾರ್ಕೆಟ್ಟಿಗೆ ಹೋಗಿ ಹೋಟೆಲಿಗೆ ಬೇಕಾದ ತರಕಾರಿ, ಮೀನು ತಂದು ಹಾಕುತ್ತೇನೆ. ಮಧ್ಯಾಹ್ನದ ಮೇಲೆ ನನ್ನನ್ನು ಕೇಳುವವರು ಯಾರೂ ಇಲ್ಲ. ಕಾಲೇಜಿನಲ್ಲಿದ್ದಾಗ ಕೂದಲು ಉದ್ದ ಬಿಟ್ಟು ಬಾರಿಸಲು ಶುರು ಮಾಡಿದವನು; ಕೂದಲು ಹೋಯಿತು, ಬಾರಿಸುವುದು ಹೋಗಲಿಲ್ಲ. ವಾರದ ಕೊನೆಗೆ ಕ್ರಿಶ್ಚಿಯನ್ನರ ಮದುವೆ ರಿಸೆಪ್ಶನ್ನುಗಳಲ್ಲಿ ಬ್ಯಾಂಡಿನವರ ಜೊತೆ ಹೋಗುತ್ತಿದ್ದೆ. ಊರವರ ಮದುವೆಗೆಲ್ಲ ಬಾರಿಸಿದೆ, ನನ್ನದೊಂದು ಆಗಲಿಲ್ಲ. ಬಿಜೈಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದೇನೆ. ಬಸ್ಸುಗಳು ಹೊರಡುವಾಗ ಕಂಡಕ್ಟರುಗಳು ಕೂಗುವ ಊರುಗಳ ಹೆಸರು ನನ್ನ ಅಡುಗೆಮನೆಗೆ ಕೇಳುತ್ತದೆ. ಕೆಲವು ದಿನ ನಾನು ಕೇಳುವ ಮನುಷ್ಯರ ಸ್ವರ ಅಷ್ಟೇ.

ಅವನು ಉರ್ವ ಮಾರ್ಕೆಟ್ಟಿನ ಹಿಂದಿನ ಓಣಿಯವನು, ಕೊಂಕಣಿ ಮಾತಾಡುವ ಕಥೊಲಿಕ. ಅವನ ಹೆಂಡತಿ ನರ್ಸು. ಅವಳಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಾಗ ಇವನು ಹಿಂದಿನಿಂದ ಹೋದ. "ನರ್ಸಿನ ಗಂಡ ಅಂತ ವೀಸಾ ಸಿಕ್ಕಿದ್ದು ನನಗೆ" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಅಲ್ಲಿ ಒಂದು ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ ಪಿಯಾನೊ, ಬೇಸ್, ಡ್ರಮ್ಸ್ ಇಷ್ಟೇ ಇದ್ದ ಜಾಝ್ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಬಾರಿಸಿದ. ಗಿರಾಕಿಗಳಿಗೆ ತಮ್ಮ ಚಮಚದ ಸದ್ದು ಕೇಳಬೇಕು, ಡ್ರಮ್ಮಿನದ್ದು ಕೇಳಬಾರದು ಎನ್ನುವುದು ಅಲ್ಲಿನ ಮ್ಯಾನೇಜರನ ಕಾಯಿದೆಯಂತೆ. ಆ ಕಾಯಿದೆಯನ್ನು ಅವನು ವೇದವಾಕ್ಯ ಮಾಡಿಕೊಂಡು ಊರಿಗೆ ಬಂದ.

ಮೊದಲ ಸಲ ಅವನು ನನ್ನನ್ನು ಮಾತಾಡಿಸಿದ್ದು ಒಂದು ರಿಸೆಪ್ಶನ್ನಿನಲ್ಲಿ. ಕೇಕ್ ಕಟ್ ಆಗಿ, ಟೋಸ್ಟ್ ಮುಗಿದು, ಎಲ್ಲರೂ ಕುಣಿದು ಸುಸ್ತಾದ ಮೇಲೆ ಬ್ಯಾಂಡಿನವರು ಊಟಕ್ಕೆ ಇಳಿದಿದ್ದೆವು. ತೆಳ್ಳಗಿನ, ಇಸ್ತ್ರಿ ಮಾಡಿದ ಶರ್ಟಿನ ಒಬ್ಬ ಮನುಷ್ಯ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತ.

"ಆ ಡ್ರಮ್ಮು ನಿಮಗೆ ಎಂತ ಮಾಡಿದೆ?" ಎಂದು ಕೇಳಿದ.

"ಎಂತ ಮಾಡಿದೆ ಅಂದ್ರೆ?"

"ಅಲ್ಲ, ಅಷ್ಟು ಸಿಟ್ಟಲ್ಲಿ ಬಡೀತಾ ಇದ್ರಿ. ಎಂತಾದ್ರೂ ಹಳೇ ಜಗಳ ಉಂಟೋ ಅಂತ ಎಣಿಸಿದೆ."

ನನಗೆ ಪಿತ್ತ ನೆತ್ತಿಗೇರಿತು. ಆದರೆ ಅವನು ನನ್ನ ಎಡಗೈಯ ಒಂದು ಏಟು ಎಲ್ಲಿ ತಡವಾಗುತ್ತಿತ್ತು ಎಂದು ಹೇಳಿದ. ಅದು ನಿಜವಾಗಿತ್ತು. ನನ್ನ ಸ್ವಂತ ಬ್ಯಾಂಡಿನವರಿಗೇ ಅದು ಅಷ್ಟು ವರ್ಷ ಗೊತ್ತಾಗಿರಲಿಲ್ಲ. ನಾನು ಬಾರಿಸುವುದನ್ನು ಒಬ್ಬ ಮನುಷ್ಯ ಅಷ್ಟು ಗಮನ ಕೊಟ್ಟು ಕೇಳಿದ್ದು ಅದೇ ಮೊದಲು. ಸಿಟ್ಟಿನ ಒಳಗೆ ಎಲ್ಲೋ ಖುಷಿಯೂ ಆಯಿತು ಎನ್ನುವುದನ್ನು ಈಗ ಹೇಳಬಹುದು.

ಆಮೇಲೆ ಪ್ರತಿ ಭಾನುವಾರ ನಾನು ಸ್ಕೂಟರ್ ಹತ್ತಿ ಉರ್ವಕ್ಕೆ ಹೋಗಲಿಕ್ಕೆ ಶುರು ಮಾಡಿದೆ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಅವರಿಬ್ಬರು ಮನೆಗೆ ಬರುವ ಹೊತ್ತಿಗೆ ನಾನು ಗೇಟಿನಲ್ಲಿ ಇರುತ್ತಿದ್ದೆ. ಮುಂದಿನ ಕೋಣೆಯಲ್ಲಿ ಅವನ ಡ್ರಮ್ ಸೆಟ್ಟು. ಸೋಫಾ ಇಡಬೇಕಾದ ಜಾಗ ಅದು, ಹೆಂಡತಿ ಬಿಟ್ಟುಕೊಟ್ಟಿದ್ದಳು. ಅವನ ತುಳು ಗಲ್ಫಿನಲ್ಲಿ ಸವೆದುಹೋಗಿತ್ತು, ನನ್ನ ಕೊಂಕಣಿ ಊಟದ ಹೆಸರುಗಳಿಂದ ಆಚೆಗೆ ಹೋಗುವುದಿಲ್ಲ. ಹಾಗಾಗಿ ನಮ್ಮ ಜಗಳವೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಜಗಳ ಒಂದೇ: ಹೆಚ್ಚು ಕೈಚಳಕ ಬೇಕಾದದ್ದು ಯಾರಿಗೆ, ಜಾಝ್ ಬಾರಿಸುವವನಿಗೋ ರಾಕ್ ಬಾರಿಸುವವನಿಗೋ?

"ನೀನು ಬಾರಿಸುದಲ್ಲ ಮಾರಾಯ, ಧೂಳು ಒರೆಸುದು" ಎಂದು ನಾನು ಹೇಳುತ್ತಿದ್ದೆ. ಅವನು ಕೋಲಿನ ಬದಲು ತಂತಿಯ ಬ್ರಶ್ಶು ಹಿಡಿದು ಡ್ರಮ್ಮಿನ ಮೇಲೆ ಸವರುತ್ತಿದ್ದದ್ದಕ್ಕೆ ಈ ಮಾತು.

"ನೀನು ಕಲ್ಲುಕೋರೆಯಲ್ಲಿ ಇರಬೇಕಾದವ" ಎಂದು ಅವನು. "ನಾಲ್ಕು ಕೈಕಾಲು ಉಂಟು ದೇವರು ಕೊಟ್ಟದ್ದು. ಎಲ್ಲದಕ್ಕೂ ಒಂದೇ ಕೆಲಸ ಹೇಳ್ತೀಯಲ್ಲ, ನಾಚಿಕೆ ಆಗುದಿಲ್ವಾ ನಿನಗೆ?"

ಅವನ ವಾದದಲ್ಲಿ ಹುರುಳಿತ್ತು. ಜಾಝ್ ಬಾರಿಸುವಾಗ ಅವನ ಬಲಗೈ ಕಂಚಿನ ತಟ್ಟೆಯಂಥ ಸಿಂಬಲ್ಲಿನ ಮೇಲೆ ಒಂದು ನಡಿಗೆ ನಡೆಯುತ್ತದೆ, ಎಡಗೈ ಬೇರೆಯೇ ಮಾತಾಡುತ್ತದೆ, ಎಡಗಾಲು ಇನ್ನೊಂದು ಕಡೆ ತಾಳ ಹಾಕುತ್ತದೆ. ಯಾವುದೂ ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ. ಜೊತೆಯವನು ಪಿಯಾನೊದಲ್ಲಿ ಒಂದು ಹೊಸ ಮಾತು ಆಡಿದರೆ ಅದೇ ಕ್ಷಣಕ್ಕೆ ಉತ್ತರ ಕೊಡಬೇಕು. ನನ್ನ ವಾದದಲ್ಲಿಯೂ ಹುರುಳಿತ್ತು. ಗಿಟಾರುಗಳ ಆರ್ಭಟದ ನಡುವೆ ಮೊದಲ ಏಟಿನ ತೂಕವನ್ನೇ ಕೊನೆಯ ಏಟಿಗೂ ಕೊಡುವುದು, ಓಡದೆ, ಎಳೆಯದೆ, ಕೈ ಸೋತದ್ದು ಹಾಡಿಗೆ ಗೊತ್ತಾಗದ ಹಾಗೆ ಬಾರಿಸುವುದು ಹುಡುಗಾಟ ಅಲ್ಲ.

ಇದಕ್ಕೆ ನಾವು ಪರೀಕ್ಷೆಗಳನ್ನೂ ಮಾಡಿಕೊಂಡಿದ್ದೆವು. ನಾನು ಇಟ್ಟ ಪರೀಕ್ಷೆ ಹೀಗೆ: ಅವನ ಹೆಂಡತಿ ಒಲೆಯ ಮೇಲೆ ಕುಚ್ಚಿಲಕ್ಕಿ ಇಡುತ್ತಾಳೆ, ಅದು ಬೇಯುವವರೆಗೆ ಒಂದೇ ರಾಕ್ ಬೀಟನ್ನು ಒಂದೇ ತೂಕದಲ್ಲಿ ಬಾರಿಸಬೇಕು. ಬೇಗ ಬೇಯುವ ಬೆಳ್ತಿಗೆ ಅಕ್ಕಿಯಾದರೆ ಯಾರು ಬೇಕಾದರೂ ಬಾರಿಸಿಯಾರು. ಕುಚ್ಚಿಲಕ್ಕಿ ಅಷ್ಟು ಸುಲಭಕ್ಕೆ ಬೇಯುವುದಿಲ್ಲ. ಅವನು ನೀರು ಕುದಿ ಬರುವಷ್ಟರಲ್ಲಿ ಮಣಿಗಂಟು ಹಿಡಿದುಕೊಂಡು "ಸಾಕು ಮಾರಾಯ, ಇದು ಸಂಗೀತ ಅಲ್ಲ, ಜೈಲು ಶಿಕ್ಷೆ" ಎಂದು ಎದ್ದುಬಿಟ್ಟ. ನಾನು ಗಂಜಿ ಬಸಿಯುವವರೆಗೆ ಬಾರಿಸಿ ತೋರಿಸಿದೆ.

ಅವನು ಇಟ್ಟ ಪರೀಕ್ಷೆ ಇನ್ನೊಂದು. ಅವನ ಹೆಂಡತಿ ಅಡುಗೆಮನೆಯಲ್ಲಿ ಇರುವಾಗ ನಾನು ಮುಂದಿನ ಕೋಣೆಯಲ್ಲಿ ಬಾರಿಸಬೇಕು, ಅವಳಿಗೆ ಗೊತ್ತಾಗಬಾರದು. ತಾಳ ಮಾತ್ರ ಒಡೆಯಬಾರದು. ನಾನು ಉಸಿರು ಬಿಗಿ ಹಿಡಿದು, ಬೆವರು ಸುರಿಸಿ, ಕೋಲಿನ ತುದಿಯನ್ನು ಡ್ರಮ್ಮಿಗೆ ತಾಗಿಸಿಯೂ ತಾಗಿಸದ ಹಾಗೆ ಶುರು ಮಾಡುತ್ತಿದ್ದೆ. ಒಳಗಿನಿಂದ ಅವಳ ಸ್ವರ ಬರುತ್ತಿತ್ತು:

"ಕೇಳ್ತಾ ಉಂಟು!"

ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಯಾವ ಭಾನುವಾರವೂ ನಾನು ಆ ಪರೀಕ್ಷೆಯಲ್ಲಿ ಪಾಸಾಗಲಿಲ್ಲ.

ಇನ್ನು ಬಲಗಾಲಿನ ವಿಷಯ. ಡ್ರಮ್ ಸೆಟ್ಟಿನಲ್ಲಿ ಎಲ್ಲಕ್ಕಿಂತ ದೊಡ್ಡದು ನೆಲದ ಮೇಲೆ ಅಡ್ಡ ಮಲಗಿರುವ ಬೇಸ್ ಡ್ರಮ್. ಬಲಗಾಲಿನಿಂದ ಪೆಡಲ್ ಒತ್ತಿದರೆ ಒಂದು ಸಣ್ಣ ಕೊಡತಿ ಹೋಗಿ ಅದಕ್ಕೆ ಹೊಡೆಯುತ್ತದೆ. ನಾನು ಒತ್ತಿದರೆ ಹಾಲಿನ ಕೊನೆಯ ಸಾಲಿನಲ್ಲಿ ಕೂತವರ ಎದೆಗೆ ಹೋಗಿ ತಾಗಬೇಕು. ರಾಕ್ ನಿಂತಿರುವುದೇ ಅದರ ಮೇಲೆ. ಅವನ ಬಲಗಾಲೂ ಹಾಡಿನುದ್ದಕ್ಕೂ ಆಡುತ್ತಲೇ ಇತ್ತು, ಸದ್ದು ಮಾತ್ರ ಇರಲಿಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದೆ. ಕೊಡತಿ ಒಂದು ಬೆರಳಿನಷ್ಟು ದೂರ ಹೋಗಿ, ಡ್ರಮ್ಮನ್ನು ಮುಟ್ಟಿ, ವಾಪಸು ಬರುತ್ತಿತ್ತು. ಪ್ರತಿ ತಾಳಕ್ಕೂ ಹೀಗೆಯೇ.

"ಎಂತ, ಕಚಗುಳಿ ಇಡುದಾ ಅದಕ್ಕೆ? ಕೇಳದ ಮೇಲೆ ಬಾರಿಸುದು ಯಾಕೆ?" ಎಂದೆ.

"ಅದು ಕೇಳ್ಬಾರ್ದು. ಅದು ಇಲ್ಲದಾಗ ಗೊತ್ತಾಗ್ಬೇಕು" ಎಂದ.

ನಾನು ನಂಬಲಿಲ್ಲ. ಅದನ್ನು ತೋರಿಸಲಿಕ್ಕೆಂದೇ ಅವನು ಒಂದು ರಿಸೆಪ್ಶನ್ನಿನಲ್ಲಿ ಹಠ ಸಾಧಿಸಿದ. ಅವತ್ತು ಬಾರಿಸುವ ಸರದಿ ಅವನದ್ದು, ಐಸ್‌ಕ್ರೀಮಿನ ಸರದಿ ನನ್ನದು. ನಿಧಾನದ ಒಂದು ಫಾಕ್ಸ್‌ಟ್ರಾಟ್ ನಡೆಯುತ್ತಿತ್ತು, ಹಳೆಯ ಜೋಡಿಗಳೆಲ್ಲ ಎದ್ದು ಕುಣಿಯುತ್ತಿದ್ದರು. ಅವನು ನನ್ನನ್ನೇ ನೋಡಿ, ಬಲಗಾಲನ್ನು ಪೆಡಲಿನಿಂದ ಎತ್ತಿ ಪಕ್ಕಕ್ಕೆ ಇಟ್ಟ. ಕೈಗಳು ಮೊದಲಿನ ಹಾಗೆಯೇ ಆಡುತ್ತಿದ್ದವು. ನನ್ನ ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಆದರೆ ಬೇಸ್ ಗಿಟಾರಿನವನು ತಟ್ಟನೆ ಹಿಂದೆ ತಿರುಗಿದ. ತನ್ನ ಕೇಬಲ್ ಎಳೆದು ನೋಡಿದ, ಸ್ಪೀಕರಿನ ಗುಂಡಿ ತಿರುಗಿಸಿದ, ದಾರಿ ತಪ್ಪಿದವನ ಹಾಗೆ ಆಚೀಚೆ ನೋಡಿದ. ಇವನು ಕಾಲನ್ನು ವಾಪಸು ಪೆಡಲಿನ ಮೇಲೆ ಇಟ್ಟ. ಗಿಟಾರಿನವನ ಮುಖ ಸರಿಯಾಯಿತು.

ಮರುದಿನ ಭಾನುವಾರ ಅವನು ಗೇಟಿನಲ್ಲೇ ನಿಂತು ಕಾಯುತ್ತಿದ್ದ. "ಈಗ ಎಂತ ಹೇಳ್ತಿ?"

"ಅವನ ಕೇಬಲ್ ಲೂಸ್ ಇತ್ತು" ಎಂದೆ.

ಒಪ್ಪಿಕೊಂಡಿದ್ದರೆ ಮುಂದಿನ ಭಾನುವಾರ ಮಾತಾಡಲಿಕ್ಕೆ ಎಂತ ಇರುತ್ತಿತ್ತು? ನನಗೆ ಇದ್ದದ್ದು ಆ ಜಗಳ ಒಂದೇ. ಸೋಮವಾರದಿಂದ ಶನಿವಾರದವರೆಗೆ ಮಾರ್ಕೆಟ್ಟಿನಲ್ಲಿ ಬಂಗುಡೆ ಆರಿಸುವಾಗಲೂ ನಾನು ಅವನಿಗೆ ಕೊಡಬೇಕಾದ ಉತ್ತರವನ್ನೇ ಮನಸ್ಸಿನಲ್ಲಿ ಕಟ್ಟುತ್ತಿದ್ದೆ. ಅಂಥದ್ದೊಂದು ಇದ್ದರೆ ಒಬ್ಬನೇ ಇರುವವನಿಗೆ ವಾರ ದಾಟುತ್ತದೆ.

ಅವನು ನನಗೆ ಯಾವಾಗಲೂ ಹೇಳುತ್ತಿದ್ದ, "ಕಿವಿಗೆ ಹತ್ತಿ ಇಟ್ಟುಕೊ ಮಾರಾಯ, ನಿನ್ನ ಬೊಬ್ಬೆಗೆ ಒಂದು ದಿನ ಕಿವಿ ಹೋಗ್ತದೆ." ಹೋದದ್ದು ಅವನ ಕಿವಿ. ಜೀವಮಾನವಿಡೀ ಮೆತ್ತಗೆ ಬಾರಿಸಿದವನ ಕಿವಿ! ನನ್ನದು ಇವತ್ತಿಗೂ ಕಲ್ಲುಗುಂಡಿನ ಹಾಗೆ ಗಟ್ಟಿ ಉಂಟು. ಇದರಲ್ಲಿ ಎಂತ ನ್ಯಾಯ, ಹೇಳಿ? ಒಂದು ಜ್ವರ ಬಂತು, ವಾರಗಟ್ಟಲೆ ಬಿಡಲಿಲ್ಲ. ಜ್ವರ ಬಿಟ್ಟ ಮೇಲೆ ಮೊದಲು ಸಿಂಬಲ್ಲಿನ ಸದ್ದು ಕೇಳುವುದಿಲ್ಲ ಎಂದ. ಆಮೇಲೆ ಹೆಂಡತಿಯ ಸ್ವರ ಹೋಯಿತು. ಆಮೇಲೆ ನನ್ನದೂ ಹೋಯಿತು. ನರವೇ ಸೋತಿದೆ, ಕಿವಿಗೆ ಮಿಷನ್ ಹಾಕಿದರೂ ಗಿಜಿಗಿಜಿ ಬಿಟ್ಟರೆ ಬೇರೆ ಕೇಳಿಸದು ಎಂದು ಡಾಕ್ಟರು ಹೇಳಿದರು. ಅವನು ಮಿಷನ್ ತೆಗೆದು ಕಪಾಟಿನಲ್ಲಿ ಇಟ್ಟ. ಡ್ರಮ್ ಸೆಟ್ಟಿಗೆ ಹೂವಿನ ಬೆಡ್‌ಶೀಟ್ ಹೊದಿಸಿದ.

ಆದರೂ ನಾನು ಹೋಗುತ್ತಿದ್ದೆ. ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತಿದ್ದೆ. ಟೈಪ್ ಮಾಡಿ ಜಗಳ ಆಡಲಿಕ್ಕೆ ಆಗುತ್ತದಾ? ನಾನು "ಧೂಳು ಒರೆಸುವವ" ಎಂದು ಒತ್ತಿ ಮುಗಿಸುವಷ್ಟರಲ್ಲಿ ಅವನು ಗೇಟಿನ ಕಡೆ ನೋಡುತ್ತಿದ್ದ. ಓದಿ, ತಲೆಯಾಡಿಸಿ, ಮೊಬೈಲು ವಾಪಸು ಕೊಡುತ್ತಿದ್ದ. ಬಯ್ಯುತ್ತಿರಲಿಲ್ಲ. ಅವನು ಬಯ್ಯದೆ ಇದ್ದದ್ದನ್ನು ನನಗೆ ತಡೆಯಲಿಕ್ಕೆ ಆಗಲಿಲ್ಲ. ಒಂದು ದಿನ ಮರೆತು ಅವನ ಮುಖದ ಹತ್ತಿರ ಹೋಗಿ ಗಂಟಲು ಹರಿಯುವ ಹಾಗೆ ಬೊಬ್ಬೆ ಹಾಕಿದೆ. ಅವನು ಕಣ್ಣು ಮುಚ್ಚಿಕೊಂಡ. ಹೆಂಡತಿ ಗೇಟಿನವರೆಗೆ ನನ್ನ ಜೊತೆ ಬಂದಳು.

"ನೀವು ಬೇಜಾರು ಮಾಡ್ಬೇಡಿ" ಎಂದಳು. "ಇನ್ನು ಸ್ವಲ್ಪ ದಿನ ಬರುದು ಬೇಡ ಅಂತ ಅವರೇ ಹೇಳಿದ್ದು. ನಿಮ್ಮನ್ನು ನೋಡಿದ್ರೆ ಅವರಿಗೆ ಅದೇ ನೆನಪಾಗ್ತದೆ."

"ಎಷ್ಟು ದಿನ?" ಎಂದು ಕೇಳಿದೆ. ಅವಳು ಗೇಟಿನ ಚಿಲಕ ಹಾಕಿದಳು.

ಆಮೇಲಿನ ಭಾನುವಾರಗಳನ್ನು ನಾನು ಹೇಗೆ ಕಳೆದೆ ಎಂದು ಬರೆಯಲು ಹೆಚ್ಚೇನೂ ಇಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಪ್ಯಾಂಟು ಹಾಕಿ, ಸ್ಕೂಟರಿನ ಕೀ ಕೈಗೆ ತೆಗೆದುಕೊಂಡ ಮೇಲೆ ಹೋಗಲಿಕ್ಕಿಲ್ಲ ಎಂದು ನೆನಪಾಗುತ್ತಿತ್ತು. ಕೆಳಗಿಳಿದು ಬಸ್‌ಸ್ಟ್ಯಾಂಡಿಗೆ ಹೋಗಿ, ಚಹಾ ಕುಡಿದು, ಕಲ್ಲುಬೆಂಚಿನಲ್ಲಿ ಕೂರುತ್ತಿದ್ದೆ. ಒಂದು ಸಲ ಒಬ್ಬ ಕಂಡಕ್ಟರ್ "ಎಲ್ಲಿಗೆ ಅಣ್ಣ?" ಎಂದು ಕೇಳಿದ. ಎಲ್ಲಿಗೂ ಇಲ್ಲ ಎನ್ನಲು ನಾಚಿಕೆಯಾಗಿ ಎದ್ದು ಬಂದೆ. ಅಣ್ಣನ ಮನೆಗೆ ಹೋಗಬಹುದಿತ್ತು. ಅಲ್ಲಿ ಎಲ್ಲರೂ ಚೆನ್ನಾಗಿ ಮಾತಾಡಿಸುತ್ತಾರೆ, ಕೋಳಿಸಾರು ಬಡಿಸುತ್ತಾರೆ. ಆದರೆ ನನ್ನ ಎಡಗೈಯ ಏಟು ತಡವಾಗುತ್ತದೆ ಎಂದು ಅಲ್ಲಿ ಯಾರಿಗೆ ಗೊತ್ತು?

ಒಂದು ದಿನ ಅವನ ಹೆಂಡತಿ ಫೋನು ಮಾಡಿದಳು. ಡ್ರಮ್ ಸೆಟ್ಟನ್ನು ನಾನು ತೆಗೆದುಕೊಂಡು ಹೋಗಬೇಕಂತೆ. ಮನೆಯಲ್ಲಿ ಅದು ಇರುವುದು ಬೇಡ, ನಾನೇ ಬಾರಿಸಲಿ, ಇಲ್ಲ ಯಾರಿಗಾದರೂ ಕೊಡಲಿ ಎಂದು ಅವನು ಹೇಳಿದನಂತೆ. ಆ ಸೆಟ್ಟು ಆ ಮನೆಯಿಂದ ಹೊರಗೆ ಬಂದರೆ ನಾನು ಆ ಗೇಟಿನ ಒಳಗೆ ಹೋಗಲಿಕ್ಕೆ ಇನ್ನು ಕಾರಣವೇ ಇಲ್ಲ. ಟೆಂಪೊ ಸಿಗುತ್ತಿಲ್ಲ, ಸ್ವಲ್ಪ ದಿನ ಕೊಡಿ ಎಂದು ಹೇಳಿ ಫೋನು ಇಟ್ಟೆ.

ಆ ರಾತ್ರಿಯಲ್ಲ, ಮರುದಿನ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಆರಿಸುವಾಗ ನನಗೆ ಒಂದು ವಿಷಯ ನೆನಪಾಯಿತು. ಅವನ ಕಿವಿ ಪೂರ್ತಿ ಹೋದ ಮೇಲೆ ಒಂದು ಭಾನುವಾರ ನಾವು ಸುಮ್ಮನೆ ಕೂತಿದ್ದೆವು. ಅವನು ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲದ ಮೇಲೆ ಇಟ್ಟಿದ್ದ. ಇದ್ದಕ್ಕಿದ್ದ ಹಾಗೆ "ಮಸಾಲೆ ಕಡೀಲಿಕ್ಕೆ ಶುರು ಮಾಡಿದ್ಲು" ಎಂದ. ಒಳಗೆ ನಿಜವಾಗಿಯೂ ಗ್ರೈಂಡರ್ ತಿರುಗುತ್ತಿತ್ತು, ಅದರ ನಡುಕ ನೆಲದಲ್ಲಿತ್ತು. ಆವತ್ತು ನಾನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಯಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಬಿಟ್ಟೆ. ಅಂಗಡಿಯವನು "ಎಂತ, ಹಾಳಾಗಿದೆಯಾ ಅದು?" ಎಂದು ಕೇಳಿದ.

ನನ್ನ ಹಳೆಯ ಪೆಡಲ್ ಹೋಟೆಲಿನ ಗೋಡೌನಿನಲ್ಲಿತ್ತು. ತಂದು, ಫ್ಲ್ಯಾಟಿನ ಗೋಡೆಗೆ ಒಂದು ದಪ್ಪ ಕುಶನ್ ಒರಗಿಸಿ, ಅದಕ್ಕೆ ಬಾರಿಸಲು ಕೂತೆ. ಅವನು ಬಾರಿಸುವ ಹಾಗೆ, ಮೆತ್ತಗೆ. ಅಯ್ಯೋ, ಅದರ ಕಷ್ಟ! ರಾಕ್ ಬಾರಿಸುವವನು ಹಿಮ್ಮಡಿ ಎತ್ತಿ ಇಡೀ ಕಾಲಿನ ಭಾರ ಬಿಡುತ್ತಾನೆ. ಇಲ್ಲಿ ಹಿಮ್ಮಡಿ ನೆಲಕ್ಕೆ ಅಂಟಿಸಿ, ಮುಂಗಾಲಿನಿಂದ ಮಾತ್ರ ಒತ್ತಬೇಕು. ಮೊಣಕಾಲಿನ ಕೆಳಗೆ ಬೆಂಕಿ ಇಟ್ಟ ಹಾಗೆ ಉರಿಯಿತು. ಒಂದು ಏಟು ಮುಟ್ಟಿದರೆ ಮುಂದಿನದ್ದು ಮುಟ್ಟುವುದಿಲ್ಲ, ಅದರ ಮುಂದಿನದ್ದು ಗುದ್ದುತ್ತದೆ. ಜೋರಾಗಿ ಬಾರಿಸುವಾಗ ಸಣ್ಣಪುಟ್ಟ ತಪ್ಪೆಲ್ಲ ಸದ್ದಿನ ಕೆಳಗೆ ಮುಚ್ಚಿಹೋಗುತ್ತದೆ. ಇಲ್ಲಿ ಮುಚ್ಚಲಿಕ್ಕೆ ಏನೂ ಇಲ್ಲ. ಈ ಕಾಲು ಇಷ್ಟು ವರ್ಷ ನನ್ನ ಮಾತು ಕೇಳುತ್ತದೆ ಎಂದು ತಿಳಿದುಕೊಂಡಿದ್ದೆ. ಬಲಗಾಲಿನ ಮಟ್ಟಿಗೆ ಅವನೇ ಸರಿ. ಹಾಗಂತ ಪೂರ್ತಿ ಸೋಲು ಒಪ್ಪಿದೆ ಎಂದಲ್ಲ. ಕುಚ್ಚಿಲಕ್ಕಿ ಬೇಯುವವರೆಗೆ ಬಾರಿಸಲಿ ನೋಡುವ.

ಮೊದಮೊದಲು ಕೆಳಗಿನ ಮಹಡಿಯ ಹೆಂಗಸು ವಾಚ್‌ಮನ್ನನ್ನು ಮೇಲೆ ಕಳಿಸುತ್ತಿದ್ದಳು, ಗೋಡೆಗೆ ಮೊಳೆ ಹೊಡೆಯುತ್ತಿದ್ದೀರಾ ಎಂದು ಕೇಳಲು. ಬರಬರುತ್ತಾ ವಾಚ್‌ಮನ್ ಬರುವುದು ನಿಂತಿತು. ಅದು ನನ್ನ ಸಾಧನೆಯೋ, ಅವಳು ಮಗಳ ಮನೆಗೆ ಹೋಗಿದ್ದಳೋ, ಗೊತ್ತಿಲ್ಲ. ಕೇಳಲಿಕ್ಕೆ ಧೈರ್ಯ ಬರಲಿಲ್ಲ.

ಟೆಂಪೊ ಸಿಕ್ಕಿತು ಎಂದು ಹೇಳಿ ಒಂದು ಭಾನುವಾರ ಹೋದೆ. ಟೆಂಪೊ ತೆಗೆದುಕೊಂಡು ಹೋಗಿರಲಿಲ್ಲ. ಅವನು ಮುಂದಿನ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು, ಸೆಟ್ಟಿಗೆ ಬೆನ್ನು ಮಾಡಿ ಕೂತಿದ್ದ. ಇನ್ನೂ ತೆಳ್ಳಗಾಗಿದ್ದ. ಶರ್ಟಿಗೆ ಇಸ್ತ್ರಿ ಇರಲಿಲ್ಲ. ನನ್ನನ್ನು ನೋಡಿ ಕೈ ಎತ್ತಿದ, ಅಷ್ಟೇ. ಹೆಂಡತಿ ನನಗೆ ತಿನ್ನಲು ಇಡ್ಲಿಯಂಥ ಸಾನ್ನ ತರುತ್ತೇನೆಂದು ಒಳಗೆ ಹೋದಳು.

ನಾನು ಬೆಡ್‌ಶೀಟ್ ಎಳೆದು ತೆಗೆದೆ. ಅವನ ಕುರ್ಚಿಯನ್ನು ಅವನ ಸಮೇತ ಬೇಸ್ ಡ್ರಮ್ಮಿನ ಪಕ್ಕಕ್ಕೆ ಎಳೆದೆ. ಅವನು ಗಾಬರಿಯಾಗಿ "ಎಂತದಾ? ಮಂಡೆ ಸಮ ಇಲ್ವಾ ನಿನಗೆ?" ಎಂದು ಬೊಬ್ಬೆ ಹಾಕಿದ. ಎಷ್ಟೋ ದಿನಗಳ ಮೇಲೆ ಅವನು ನನ್ನನ್ನು ಬಯ್ದದ್ದು. ನಾವು ಕೈ ಹಿಡಿಯುವ ಜಾತಿಯ ಗಂಡಸರಲ್ಲ. ಆದರೂ ಅವನ ಕೈ ಹಿಡಿದು, ಅಂಗೈ ಬಿಡಿಸಿ, ಡ್ರಮ್ಮಿನ ಮುಂದಿನ ಚರ್ಮದ ಮೇಲೆ ಇಟ್ಟೆ. ಆಮೇಲೆ ಹೋಗಿ ಅವನ ಸ್ಟೂಲಿನಲ್ಲಿ ಕೂತೆ. ನನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಿಮ್ಮಡಿ ನೆಲಕ್ಕೆ ಊರಿ, ಬಲಗಾಲಿನಿಂದ ಬಾರಿಸಲು ಶುರು ಮಾಡಿದೆ.

ಅವನು ಕೈ ತೆಗೆಯಲು ಹೋದವನು ತೆಗೆಯಲಿಲ್ಲ. ನಾನು ಅವನ ಮುಖ ನೋಡುವ ಧೈರ್ಯ ಸಾಲದೆ ಪೆಡಲನ್ನೇ ನೋಡುತ್ತಾ ಬಾರಿಸುತ್ತಾ ಹೋದೆ. ಕಾಲು ಉರಿಯಿತು. ತಾಳ ಒಡೆಯಲಿಲ್ಲ. ನನ್ನ ಕಿವಿಗೇ ಏನೂ ಕೇಳುತ್ತಿರಲಿಲ್ಲ. ಹೊರಗೆ ಓಣಿಯಲ್ಲಿ ಮೀನಿನವಳು ಯಾರ ಜೊತೆಗೋ ಚರ್ಚೆ ಮಾಡುತ್ತಿದ್ದಳು, ಅದು ಮಾತ್ರ ಕೇಳುತ್ತಿತ್ತು.

ಅಡುಗೆಮನೆಯಿಂದ ಹೆಂಡತಿಯ ಸ್ವರ ಬಂತು: "ಎಂತ, ಇಬ್ರೂ ಸುಮ್ನೆ ಕೂತಿದ್ದೀರಾ?"

ನಾನು ತಲೆ ಎತ್ತಿದೆ. ಅವನಿಗೆ ಅದು ಕೇಳಿರಲಿಲ್ಲ. ಅವಳು ಹೇಳಿದ್ದನ್ನು ಅವನಿಗೆ ಕೂಗಿ ಹೇಳಬೇಕೆನಿಸಿತು, ನಾನು ಪಾಸಾದೆ ಮಾರಾಯ ಎಂದು. ಆದರೆ ಕಾಲು ನಿಲ್ಲಿಸಲು ಮನಸ್ಸಾಗಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. ಅಂಗೈ ಡ್ರಮ್ಮಿನ ಮೇಲೆ ಗಟ್ಟಿಯಾಗಿ ಒತ್ತಿಕೊಂಡಿತ್ತು, ಬರಿಗಾಲಿನ ಬೆರಳುಗಳು ನೆಲದ ಮೇಲೆ ತಾಳ ಹಾಕುತ್ತಿದ್ದವು. ಹುಬ್ಬು ಗಂಟಿಕ್ಕಿದ. ಆಮೇಲೆ ತಲೆ ಅಲ್ಲಾಡಿಸಿ, ಮೊದಲಿನದೇ ಸ್ವರದಲ್ಲಿ ಹೇಳಿದ:

"ಜೋರಾಯ್ತು."